ಲಾರಿಯಲ್ಲಿ ಬಂದ ಹನುಮಪ್ಪ

"ನಿಮ್ಮಣ್ಣ ಸತ್ತ ಮಂಗನ್ನ ಲಾರೀಲಿ ಪಕ್ಕಕ್ಕೇ ಕೂರಿಸ್ಕೊಂಡು ಬಂದಾನಂತಲ್ಲೇ," ಎಂದು ಗೆಳತಿ ಅಂಕಿತಾ ಹೇಳಿದಾಗ ನಾವು ಕಾಲೇಜು ಮುಗಿಸಿ ದಾವಣಗೆರೆಯಿಂದ ಹರಿಹರದ ಬಸ್ಸಿನಲ್ಲಿ ಬರುತ್ತಿದ್ದೆವು. ನಾನು ನಕ್ಕುಬಿಟ್ಟೆ. ದಾವಣಗೆರೆ ಜಿಲ್ಲೆಯಾದ ಮರುವರ್ಷದ ಬೇಸಿಗೆ ಅದು.

ಸುದ್ದಿ ನಿಜವೇ ಆಗಿತ್ತು. ಅಣ್ಣ ಚೌಡೇಶ್ ಘಟ್ಟದಿಂದ ಸಾಮಿಲ್ಲಿಗೆ ಮರದ ದಿಮ್ಮಿ ಸಾಗಿಸುತ್ತಿದ್ದ. ಹೋದ ವರ್ಷ ಹಗಲಲ್ಲೂ ಲೈಟ್ ಹಾಕಿ ಲಾರಿ ಓಡಿಸಬೇಕಿದ್ದ ಕಾಡು ಈಗ ಬೋಳಾಗಿದೆ, ಕಡಿದ ಬುಡಗಳ ನಡುವೆ ದನ ಮೇಯುತ್ತವೆ ಎನ್ನುತ್ತಿದ್ದ. ಅಂಥ ಒಂದು ಬುಡಕ್ಕೆ ಒರಗಿ ಸತ್ತಿದ್ದ ಕೋತಿಯನ್ನು, ಹನುಮಪ್ಪ ದಿಕ್ಕಿಲ್ಲದೆ ಕೊಳೆಯಬಾರದೆಂದು ತನ್ನ ಟವೆಲ್‌ನಲ್ಲಿ ಸುತ್ತಿ ತಂದಿದ್ದ.

ನಮ್ಮ ಓಣಿ ಸುಮ್ಮನಿರುತ್ತದೆಯೇ? ಅವ್ವ ಅದಕ್ಕೆ ಸ್ನಾನ ಮಾಡಿಸಿದಳು. ನಾನು ಹಾರ ಹಾಕಿದೆ. ಕುರ್ಚಿಯಲ್ಲಿ ಕೂರಿಸಿ, ಭಜನೆ ಮಾಡುತ್ತಾ ಹೊಳೆದಂಡೆಗೆ ಒಯ್ದೆವು. ಅಣ್ಣನೇ ಎತ್ತಿ ಗುಂಡಿಗಿಳಿಸಿದ.

ವಾರ ಕಳೆಯುವುದರೊಳಗೆ ಅವನಿಗೆ ಜ್ವರ ಬಂತು. ಸೊಂಟ ಮುರಿದಂಥ ನೋವು, ಕಣ್ಣು ಕೆಂಪು. ಮಲೇರಿಯಾ ಅಂದುಕೊಂಡೆವು. ಒಸಡಿನಿಂದ ರಕ್ತ ಬಂದ ದಿನ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು.

ಅಣ್ಣ ಕಾಡಿಗೆ ಹೋಗಿಬರುವವನೆಂದು ತಿಳಿದ ಡಾಕ್ಟರ್ ರುದ್ರಮುನಿ ಮೊದಲು ಕೇಳಿದ್ದೇ, ಅಲ್ಲಿ ಸತ್ತ ಮಂಗನ್ನೇನಾದರೂ ಮುಟ್ಟಿದ್ದನೇ ಎಂದು.

"ಮಂಗ ಅನ್ಬ್ಯಾಡ್ರಿ ಸಾರ್, ಹನುಮಪ್ಪ," ಎಂದಳು ಅವ್ವ.

ಅವರು ನಗಲಿಲ್ಲ. ಕಾಡು ಕಡಿದಲ್ಲಿ ಕೋತಿ, ದನ, ಮನುಷ್ಯರು ಎಲ್ಲ ಒಂದೇ ಜಾಗಕ್ಕೆ ಬಂದು ಬೀಳುತ್ತಾರೆ, ಒಬ್ಬರ ಮೈಯ ಉಣ್ಣಿ ಇನ್ನೊಬ್ಬರಿಗೆ ಹತ್ತುತ್ತದೆ ಎಂದರು. ಕೋತಿ ಸತ್ತರೆ ಅದರ ರಕ್ತ ಕುಡಿದ ಉಣ್ಣಿಗಳು ಇಳಿದು ಬೇರೆ ಮೈ ಹುಡುಕುತ್ತವಂತೆ. ಸಾಸಿವೆಗಿಂತ ಸಣ್ಣವು, ಕಚ್ಚಿದ್ದೇ ಗೊತ್ತಾಗುವುದಿಲ್ಲವಂತೆ. ಅಣ್ಣನ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದರು. ಮಂಗನ ಕಾಯಿಲೆ ಇರಬೇಕು, ಇದಕ್ಕೆಂದೇ ಔಷಧಿ ಇಲ್ಲ, ಕಾಯಬೇಕು ಅಷ್ಟೆ ಎಂದರು.

"ಅದನ್ನ ಯಾರ್ಯಾರು ಮುಟ್ಟೀರಿ?"

"ಇಡೀ ಓಣಿ, ಸಾರ್," ಎಂದೆ. "ಪಾದ ಮುಟ್ಟಿ ಕಣ್ಣಿಗೊತ್ಕೊಂಡೀವಿ."

ಮಂಚದಿಂದ ಅಣ್ಣ ಮೆಲ್ಲಗೆ ಕರೆದ. "ಸುನೀ, ನೀನು ಮೈ ನೋಡ್ಕಂಡಿಯೇನೇ?"

ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಕಂಕುಳಲ್ಲೊಂದು ಕಪ್ಪು ಚುಕ್ಕೆ. ಉಗುರಿಂದ ಕೆರೆದೆ. ಹುಟ್ಟಿದಾಗಿನಿಂದ ಇದ್ದ ಮಚ್ಚೆ, ಅದನ್ನೇ ಮರೆತಿದ್ದೆ. ಒಬ್ಬಳೇ ನಕ್ಕೆ, ಆದರೂ ಇನ್ನೊಮ್ಮೆ ಮೈಯೆಲ್ಲ ತಡಕಿ ನೋಡಿದೆ.

ಹೊರಗೆ ಬೆಂಚಿನ ಮೇಲೆ ಅವ್ವ ಸೊಂಟ ಹಿಡಿದುಕೊಂಡು ಕೂತಿದ್ದಳು. ನಿದ್ದೆಗೆಟ್ಟಿದ್ದಕ್ಕೆ ಎಂದಳು. ಹಣೆ ಮುಟ್ಟಿ ನೋಡಿದೆ. ಸುಡುತ್ತಿತ್ತು.

ಅವಳನ್ನೂ ಮಲಗಿಸಿದ ಮೇಲೆ ಡಾಕ್ಟರು ಎಲ್ಲರನ್ನೂ ಪರೀಕ್ಷಿಸಬೇಕೆಂದು ನಮ್ಮ ಓಣಿಯ ಅಡ್ರೆಸ್ ಕೇಳಿದರು. ಮನೆ ಮನೆ ತಿರುಗುವುದು ಬೇಡ ಎಂದೆ. ನಾಳೆ ಹನುಮಪ್ಪನಿಗೆ ಹನ್ನೊಂದನೇ ದಿನ, ಎಡೆ ಇಡಲು ಎಲ್ಲರೂ ಅದೇ ಹೊಳೆದಂಡೆಗೆ ಬರುತ್ತಾರೆ.

"ಹಂಗಾರೆ ನಾನೂ ಅಲ್ಲಿಗೇ ಬರ್ತೀನಿ, ಬೆಳಿಗ್ಗೆ ಹತ್ತಕ್ಕೆ," ಎಂದರು. "ಒಬ್ರೂ ತಪ್ಪಬಾರದು, ಇವತ್ತೇ ಹೋಗಿ ಹೇಳಿಬಿಡಮ್ಮ."