ಅರಳಿಕಟ್ಟೆಯ ಮೇಲಿನ ಬಾವುಟ

ಕೈಯಲ್ಲೊಂದು ನಕ್ಷೆ, ಒಂದು ದಿಕ್ಸೂಚಿ. ಪಾರ್ಕಿನಲ್ಲಿ ಅಲ್ಲಲ್ಲಿ ಕಟ್ಟಿದ ಕಿತ್ತಳೆ ಬಾವುಟಗಳನ್ನು ಹುಡುಕಿ, ಜೊತೆಗೆ ತೂಗುಹಾಕಿದ, ತೂತು ಕೊರೆಯುವ ಪಂಚನ್ನು ತನ್ನ ಚೀಟಿಗೆ ತಾನೇ ಒತ್ತಿಕೊಂಡು ಓಡಬೇಕು. ಬೇಸಿಗೆ ರಜೆಯಲ್ಲಿ ಹಾಸನದ ಗೆಳೆಯರ ಕೂಟವೊಂದು ಊರೂರಿನ ಪಾರ್ಕುಗಳಲ್ಲಿ ನಡೆಸುವ ಇದಕ್ಕೆ ಸ್ನೇಹದ ಓಟವೆಂದೇ ಹೆಸರು. ಸ್ನೇಹ ಎಷ್ಟಿತ್ತೆಂಬುದು ಆಮೇಲಿನ ಮಾತು.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಮೂರು ಕಡೆಯೂ ಹಳ್ಳಿಮೈಸೂರಿನ ಕೋಮಲಾ ಮತ್ತು ಹೊಳೆನರಸೀಪುರದ ಸ್ನೇಹಲತಾ ಅಲ್ಪ ಅಂತರದಲ್ಲಿ ಹಿಂದುಮುಂದಾಗಿ ಬಂದಿದ್ದರು. ಕೊನೆಯ ಓಟ ಹೊಳೆನರಸೀಪುರದಲ್ಲಿ. ಅಲ್ಲಿ ಗೆದ್ದವಳಿಗೇ ಕಪ್. ಕೋಮಲಾಗೆ ಅದು ಬೇಕೇ ಬೇಕಿತ್ತು. ಕಾಲೇಜಿನಲ್ಲಿ ಅವಳು ಎಲ್ಲರ ಬಾಯಲ್ಲೂ ಸ್ಕಾಲರ್‌ಶಿಪ್ ಹುಡುಗಿ. ಗೆದ್ದ ಹುಡುಗಿ ಎಂದು ಒಮ್ಮೆಯಾದರೂ ಕರೆಯಲಿ ಎಂಬ ಹಟ. ನೋಡಲೆಂದು ತಾತ ಕಾಳಯ್ಯನನ್ನೂ ಬಸ್ಸು ಹತ್ತಿಸಿಕೊಂಡು ಬಂದಿದ್ದಳು.

ಕೊನೆಯ ಬಾವುಟದ ಬಳಿಗೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಅದನ್ನು ಪಾರ್ಕಿನ ಅರಳಿಕಟ್ಟೆಯ ಮೇಲೆ, ನಾಗರಕಲ್ಲುಗಳ ಪಕ್ಕ ಕಟ್ಟಿದ್ದರು. ಹತ್ತಲು ಕಾಲೆತ್ತಿದಳು. ನೆರಳಲ್ಲಿ ನಿಂತಿದ್ದ ತಾತ ಗಾಬರಿಯಿಂದ ಬಂದು ಕೈ ಹಿಡಿದ.

"ಅತ್ತಬ್ಯಾಡ ಕಣವ್ವ. ನಮ್ಮೋರು ಅತ್ತೋದಲ್ಲ."

ತಮ್ಮ ಕೇರಿಯವರನ್ನು ಹತ್ತಗೊಡದ ಊರಿನ ಕಟ್ಟೆಯ ಭಯವನ್ನು ಮುದುಕ ಪೇಟೆಗೂ ಹೊತ್ತು ತಂದಿದ್ದ. ಇದು ಪಾರ್ಕು, ಯಾರು ಕೇಳುತ್ತಾರೆ ಎನ್ನಬೇಕೆಂದುಕೊಂಡಳು. ಆದರೆ ಎತ್ತಿದ ಕಾಲು ತಾನಾಗಿಯೇ ಕೆಳಗಿಳಿದಿತ್ತು. ಅಷ್ಟರಲ್ಲಿ ತಾತನ ಮಾತು ಕೇಳಿಸಿಕೊಂಡೇ ಬಂದ ಸ್ನೇಹಲತಾ, ಶೂ ಕಳಚಿ ಕಟ್ಟೆ ಹತ್ತಿ, ತನ್ನ ಚೀಟಿಗೆ ಒತ್ತಿಕೊಂಡಳು. ಕೋಮಲಾಳ ಚೀಟಿಗೂ ಕೈ ಚಾಚಿದಳು. ಪಾಪ, ಒಳ್ಳೆಯ ಹುಡುಗಿ. ಆದರೆ ಬೇರೆಯವರು ಒತ್ತಿದ್ದು ಲೆಕ್ಕಕ್ಕಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೋಮಲಾ ಕೊಡಲಿಲ್ಲ. ಸ್ನೇಹಲತಾ ಬರಿಗಾಲಲ್ಲೇ ಓಡಿ ಗೆದ್ದಳು.

ತಾತನ ಮೇಲೆ ಕೋಮಲಾಗೆ ಮೈಯೆಲ್ಲ ಉರಿಯುತ್ತಿತ್ತು. ಕಪ್ ಕೊಟ್ಟು ಚಪ್ಪಾಳೆ ಮುಗಿದರೂ ಅವನನ್ನು ಮಾತಾಡಿಸಲಿಲ್ಲ. ಆಗ ಸ್ನೇಹಲತಾಳ ತಂದೆ ಪುಟ್ಟಸ್ವಾಮಿ ಮಜ್ಜಿಗೆಯ ಲೋಟ ಹಿಡಿದು ಬಂದರು. ಇಲ್ಲಿನ ಬಾವುಟಗಳನ್ನು ಕಟ್ಟಿಸಿದ್ದವರು ಅವರೇ. ಮಗಳು ನಡೆದದ್ದನ್ನೆಲ್ಲ ಹೇಳಿದ್ದಳು. ನಿಜಕ್ಕೂ ಮರುಗಿಕೊಂಡೇ ಮಾತಾಡಿದರು.

"ಮೊದ್ಲೇ ಯೋಳಿದ್ರೆ ನಿಂಗೇ ಅಂತ ಕೆಳಗಡೆ ಬ್ಯಾರೆ ಬಾವುಟ ಕಟ್ಟಿಸ್ತಿದ್ನಲ್ಲವ್ವ."

ತಾತ ಕೈ ಮುಗಿದು, ಅವರ ಮನಸ್ಸು ದೊಡ್ಡದು ಎಂದ. ಇಷ್ಟು ಹೊತ್ತು ಕೋಮಲಾ ತನ್ನನ್ನು ಸೋಲಿಸಿದ್ದು ತಾತನ ಹಳೆಯ ಹೆದರಿಕೆ ಎಂದುಕೊಂಡಿದ್ದಳು. ಈ ಕಟ್ಟೆಯ ಬಗ್ಗೆಯೂ ತಾತ ತಪ್ಪು ತಿಳಿದಿರಲಿಲ್ಲ. ಅದೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಲೋಟವನ್ನು ಮುಟ್ಟದೆ ನೇರವಾಗಿ ಕಟ್ಟೆಯ ಬಳಿಗೆ ನಡೆದು, ಶೂ ಕಾಲಲ್ಲೇ ಹತ್ತಿ ನಿಂತಳು. ಯಾರೂ ಬೇಡವೆನ್ನಲಿಲ್ಲ. ಬಾವುಟವನ್ನು ಆಗಲೇ ಬಿಚ್ಚಿಕೊಂಡು ಹೋಗಿದ್ದರು.