ಉಳಿದ ಸ್ಪ್ರಿಂಗ್

ಅಬ್ಬಾನ ಕಾಲದ ಜಾವಾ ಬೈಕಿನ ಎಂಜಿನ್ನನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಮುಗಿಸುವಾಗ ಮಹಬೂಬ್ ಸಾಬರು ಭಾಗಗಳನ್ನಿಡಲು ಹಾಸಿದ್ದ ಚಾದರದ ಮೇಲೆ ಒಂದು ಪುಟ್ಟ ಸ್ಪ್ರಿಂಗ್ ಉಳಿದುಬಿಟ್ಟಿತು. ಜೀವಮಾನವೆಲ್ಲ ಕೂಡ್ಲಿಗಿಯಲ್ಲಿ ಬಸ್ಸು ರಿಪೇರಿ ಮಾಡಿದ ಮನುಷ್ಯ. ಬಸ್ಸಿನೊಳಗೆ ಇಷ್ಟು ಸಣ್ಣ ಸ್ಪ್ರಿಂಗನ್ನು ಅವರು ಕಂಡೇ ಇರಲಿಲ್ಲ. ನಾದಿನಿಯ ಮಗಳ ಮದುವೆಗೆ ಹೆಂಡತಿಯನ್ನು ಇದೇ ಗಾಡಿಯ ಮೇಲೆ ಹಂಪಸಾಗರಕ್ಕೆ ಕರೆದೊಯ್ಯುತ್ತೇನೆಂದು ಓಣಿಗೆಲ್ಲ ಹೇಳಿಕೊಂಡಾಗಿತ್ತು. ಸ್ಪ್ರಿಂಗನ್ನು ಯಾರಿಗೂ ಕಾಣದಂತೆ ಜುಬ್ಬಾದ ಜೇಬಿಗೆ ಸೇರಿಸಿ, ಹಿತ್ತಲ ತಗಡಿನಡಿ ಎಂಜಿನ್ನನ್ನು ಮತ್ತೆ ಬಿಚ್ಚಿದರು. ಅದಕ್ಕೆ ಎಲ್ಲಿಯೂ ಜಾಗವಿರಲಿಲ್ಲ.

"ಮದುವಿ ನಾಳೆ ಐತಿ. ಇನ್ನೂ ಏನು ಬಿಚ್ಚಾಕ ಹತ್ತೀರಿ?" ಎಂದಳು ಹೆಂಡತಿ ಶರೀಫಾ ಬೀ. "ಬಸ್ಸಿಗೆ ಹೋಗೋಣ ಬರ್ರಿ."

"ಬಸ್ಸಿಗೆ ಹೋದ್ರ ಓಣ್ಯಾಗ ಮುಖ ಹೆಂಗ ತೋರಿಸ್ಲಿ?"

ಸಂಜೆ ಒಗೆಯಲೆಂದು ಅವಳು ಜುಬ್ಬಾ ಝಾಡಿಸಿದಾಗ ಸ್ಪ್ರಿಂಗ್ ಕಲ್ಲಿನ ಮೇಲೆ ಟಣ್ಣೆಂದು ಬಿತ್ತು.

"ಯಾ ಅಲ್ಲಾ! ಇದು ನನ್ನ ಹೊಲಿಗಿ ಮಿಷನ್ನಿಂದು! ಎಣ್ಣಿ ಬಿಡ್ತೀನಂತ ನೀವು ಅದೇ ಚಾದರದ ಮ್ಯಾಲ ಬಿಚ್ಚಿದ ದಿನದಿಂದ ದಾರ ಬಿಗೀನ ಹಿಡಿಯವಲ್ದು. ಮದುವಿ ಕುಪ್ಪಸ ಅರ್ಧ ಹೊಲದು ಕುಂತೀನಿ."

"ಕೇಳಬೇಕಿತ್ತಲ್ಲ?"

"ನೀವು ತೋರಿಸಬೇಕಿತ್ತಲ್ಲ!"

ಸಾಬರಿಗೆ ನಗು ತಡೆಯಲಾಗಲಿಲ್ಲ. ಮೊದಲು ಮಿಷನ್ನಿಗೆ ಸ್ಪ್ರಿಂಗ್ ಕೂಡಿಸಿದರು, ಆಮೇಲೆ ಎಂಜಿನ್ ಜೋಡಿಸಿದರು. ಬೆಳಿಗ್ಗೆ ಕಿಕ್ ಹೊಡೆದಾಗ ಗಾಡಿ ಕೆಮ್ಮಿ, ಸೀನಿ, ಕಡೆಗೆ ಶುರುವಾಗಿಯೇ ಬಿಟ್ಟಿತು. ಹೊಸ ಕುಪ್ಪಸ ತೊಟ್ಟು ಬಂದ ಶರೀಫಾ ಬೀ ಚಾದರದ ಕಡೆ ಬಗ್ಗಿ ನೋಡಿದಳು.

"ಈ ಸಲ ಏನೂ ಉಳಿದಿಲ್ಲ ಹೌದಿಲ್ರಿ?"

"ನೀನೊಬ್ಬಾಕಿ ಉಳದೀ. ಹತ್ತು!"