ಹರಾಜಿನಲ್ಲಿ ಉಳಿದ ಟೋಪಿ

ಹಡಗಿನವರ ಹಳೆಯ ದಾಖಲೆಗಳನ್ನು ಇಟ್ಟಿದ್ದ ಕಚೇರಿಗೆ ಅವನು ಬಂದದ್ದು ಇದು ನಾಲ್ಕನೆಯ ಸಲ. ಬೆಳಿಗ್ಗೆ ಹಸು ಕರೆದು, ಎರಡು ಬಸ್ಸು ಬದಲಿಸಿ, ಮೂರು ಮಹಡಿ ಹತ್ತುವಷ್ಟರಲ್ಲಿ ಅರವತ್ನಾಲ್ಕು ವರ್ಷದ ಮಂಡಿಗಳು ಸಾಕಪ್ಪಾ ಸಾಕು ಎನ್ನುತ್ತಿದ್ದವು. ಒಳಗೆ ಗುಮಾಸ್ತರು ಬೂಟು ಕಳಚಿ, ಊದಿದ ಪಾದಗಳನ್ನು ಒಂದು ಕಡತದ ಕಟ್ಟಿನ ಮೇಲೆ ಇಟ್ಟುಕೊಂಡು ಕೂತಿದ್ದರು.

“ಮತ್ತೆ ಬಂದ್ರಾ ಯಜಮಾನ್ರೇ? ನಿಮಗೂ ಒಂದು ಹಾಜರಿ ಪುಸ್ತಕ ಇಡಬೇಕು ನಾನು.”

“ಇಡಿ ಸ್ವಾಮಿ. ಸಂಬಳ ಮಾತ್ರ ನನ್ನ ಹಸುಗಳ ಕೈಗೆ ಕೊಡಿ.”

ಅವನು ಹುಡುಕುತ್ತಿದ್ದದ್ದು ತನ್ನ ಅಪ್ಪನನ್ನು. ಅಪ್ಪ ಸರಕು ಹಡಗಿನಲ್ಲಿ ಹಗ್ಗ ಎಳೆಯುವ, ಡೆಕ್ಕು ತೊಳೆಯುವ ಕೆಲಸಕ್ಕಿದ್ದ. ಚಿಕ್ಕಪ್ಪ ಬೇರೊಂದು ಹಡಗಿನ ತಳದಲ್ಲಿ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ. ಮಗನಿಗೆ ಎರಡು ವರ್ಷವಾಗಿದ್ದಾಗ ಅಣ್ಣತಮ್ಮಂದಿರಿಬ್ಬರೂ ಒಂದೇ ದಿನ ಊರು ಬಿಟ್ಟರು, ಇಬ್ಬರೂ ವಾಪಸು ಬರಲಿಲ್ಲ. ಚಿಕ್ಕಪ್ಪ ಜ್ವರದಿಂದ ತೀರಿಕೊಂಡನೆಂದು ಹಡಗಿನ ಕಪ್ತಾನನ ಕಾಗದ ಬಂತು. ಅದಾದ ಮೂರು ತಿಂಗಳಿಗೆ ಇನ್ನೊಂದು ಕಾಗದ ಬಂತು: ಅಪ್ಪ ಯಾವುದೋ ಬಂದರಿನಲ್ಲಿ ಇಳಿದವನು ಹಡಗಿಗೆ ಮರಳದೆ ಓಡಿಹೋಗಿದ್ದಾನೆ.

ಒಂದೇ ಮನೆಯಲ್ಲಿ ಇಬ್ಬರು ವಾರಗಿತ್ತಿಯರು ಉಳಿದರು. ಚಿಕ್ಕಮ್ಮನಿಗೆ ಮಕ್ಕಳಿಲ್ಲ, ಅವಳ ಆಸ್ತಿಯೆಲ್ಲ ಆ ಕಪ್ತಾನನ ಕಾಗದ. ತಗಡಿನ ಡಬ್ಬಿಯಲ್ಲಿಟ್ಟು ಆಗಾಗ ತೆಗೆದು ನೋಡುವಳು. ಮಾತಿಗೆ ಮಾತು ಬೆಳೆದರೆ, “ನನ್ನೋನು ದುಡೀತಾ ಸತ್ತ ಕಣಕ್ಕಾ, ಕಂಡೋರ ಹಿಂದೆ ಓಡ್ಲಿಲ್ಲ” ಎಂದುಬಿಡುವಳು. ಅಮ್ಮ ಆಗ ಬೇರೆ ದಾರಿ ಕಾಣದೆ, “ನೀನು ನನ್ನ ಮಗನ ಟೋಪಿ ಕಳೆದವಳು, ಸುಮ್ನಿರು” ಎನ್ನುವಳು. ಅದು ಅಮ್ಮನೇ ಹೆಣೆದ ನೀಲಿ ಉಣ್ಣೆಯ ಟೋಪಿ. ಗಂಡಸರು ಊರು ಬಿಟ್ಟ ವಾರದಲ್ಲೇ ಅದು ಕಾಣೆಯಾಗಿತ್ತು. ಒಗೆಯಲು ಕೊಂಡುಹೋದ ಚಿಕ್ಕಮ್ಮನೇ ಕಳೆದಳೆಂದು ಅರವತ್ತೆರಡು ವರ್ಷದ ದೂರು.

ಈಗ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಇನ್ನು ಕೆಲವು ವಾರ ಎಂದಿದ್ದಾರೆ ಡಾಕ್ಟರು. ಕಿವಿ ಮಂದವಾದ ಚಿಕ್ಕಮ್ಮನೇ ಅವಳನ್ನು ಎತ್ತುವುದು, ಮಲಗಿಸುವುದು. ಅಮ್ಮ ದಿನಾ ಮಗನನ್ನು ಕೇಳುವುದು ಒಂದೇ: “ನನ್ನನ್ನ ಬಿಟ್ಟು ಹೋದ್ನೋ, ಸತ್ತೋದ್ನೋ? ಅದೊಂದು ತಿಳಿದ್ರೆ ಸಾಕು ಕಣೋ.”

ಮೂರು ಸಲವೂ ಅಪ್ಪನ ಹೆಸರಿನ ಹಾಳೆಯಲ್ಲಿ ಸಿಕ್ಕಿದ್ದು ‘ಓಡಿಹೋದ’ ಎಂಬ ಒಂದೇ ಮಾತು. ಈ ಸಲ ಗುಮಾಸ್ತರೇ ಕೇಳಿದರು:

“ಜೊತೆಗೆ ಹೊರಟ ತಮ್ಮನ ಹಾಳೆ ನೋಡಿದ್ವಾ?”

“ಆತ ಸತ್ತದ್ದು ಗೊತ್ತೇ ಇದೆಯಲ್ಲ ಸ್ವಾಮಿ.”

“ಗೊತ್ತಿರೋದನ್ನೇ ಮೊದಲು ನೋಡ್ಬೇಕು.”

ಅವರು ಎರಡು ದಪ್ಪ ಪುಸ್ತಕ ತಂದು ಮೇಜಿನ ಮೇಲೆ ಬಿಡಿಸಿದರು. ಧೂಳಿಗೆ ಇಬ್ಬರೂ ಸೀನಿದರು. ಚಿಕ್ಕಪ್ಪನ ಹೆಸರಿನ ಮುಂದೆ ಆರು ಪ್ರಯಾಣಗಳಿಗೂ ಹೆಬ್ಬೆಟ್ಟಿನ ಗುರುತು. ಏಳನೆಯದಕ್ಕೆ, ಕೊನೆಯದಕ್ಕೆ, ಸಹಿ. ಹೆಸರು ಚಿಕ್ಕಪ್ಪನದೇ, ಆದರೆ ಕೊನೆಯ ಅಕ್ಷರದಿಂದ ಹಸುವಿನ ಬಾಲದ ಹಾಗೆ ಒಂದು ಗೆರೆ ಕೆಳಗಿಳಿದು ಕೊಂಕಿತ್ತು. ಆ ಬಾಲವನ್ನು ಅವನು ಬಲ್ಲ. ಅಮ್ಮನ ಬಳಿ ಇರುವ ಅಪ್ಪನ ಎರಡು ಕಾಗದಗಳಲ್ಲೂ ಅದೇ ಬಾಲ. ಗುಮಾಸ್ತರು ಇನ್ನೊಂದು ಪುಸ್ತಕವನ್ನು ಅವನತ್ತ ತಿರುಗಿಸಿದರು. ಓಡಿಹೋದ ಅಪ್ಪನ ಹೆಸರಿನ ಮುಂದೆ, ಇಷ್ಟು ದಿನ ಇಬ್ಬರೂ ಗಮನಿಸದಿದ್ದ ಹೆಬ್ಬೆಟ್ಟು.

“ಗುರುತಿನ ಪುಸ್ತಕ ಅದಲುಬದಲು,” ಎಂದರು ಗುಮಾಸ್ತರು. “ಪ್ರತಿಯೊಬ್ಬನ ಕೈಲೂ ಒಂದು ಪುಸ್ತಕ ಇರ್ತಿತ್ತು. ಅದ್ರಲ್ಲಿ ಬರೆದಿರೋ ಕೆಲಸಾನೇ ಕೊಡೋರು. ಒಬ್ಬನಿಗೆ ಮೈ ಸರಿಯಿಲ್ಲ ಅಂದ್ರೆ ಅಣ್ಣನೋ ತಮ್ಮನೋ ಅವನ ಪುಸ್ತಕ ಹಿಡ್ಕೊಂಡು ಅವನ ಹೆಸರಲ್ಲೇ ಹತ್ತೋನು. ಮುಂದಿನ ಸಲ ಸರಿಮಾಡ್ಕೊಂಡ್ರಾಯ್ತು ಅಂತ. ನಿಮ್ಮ ಚಿಕ್ಕಪ್ಪನಿಗೆ ಏನಾದ್ರೂ ಕಾಯಿಲೆ ಇತ್ತಾ?”

“ಕೆಮ್ಮು. ಇದ್ದಲಿನ ಧೂಳಿಗೆ ರಕ್ತ ಬರ್ತಿತ್ತಂತೆ.”

“ನೋಡಿ ಮತ್ತೆ. ಅಣ್ಣ ಒಲೆ ಮುಂದೆ ನಿಂತ. ಜ್ವರ ಬಂದು ಸತ್ತ. ತಮ್ಮನ ಹೆಸರು ಸತ್ತುಹೋಯ್ತು. ತನ್ನ ಹೆಸರೇ ಸತ್ತ ಮೇಲೆ ಆ ತಮ್ಮ ಯಾವ ಮುಖ ಹೊತ್ತು ಊರಿಗೆ ಬರೋದು? ಅಣ್ಣನ ಹೆಸರಲ್ಲೇ ಓಡಿಹೋದ.”

ಚಿಕ್ಕಪ್ಪನ ಹಾಳೆಗೆ ಇನ್ನೊಂದು ಚೀಟಿ ಅಂಟಿಸಿತ್ತು. ಸತ್ತವನ ಸಾಮಾನನ್ನು ಹಡಗಿನ ಮೇಲೇ ಜೊತೆಗಾರರ ನಡುವೆ ಹರಾಜು ಹಾಕುವುದು ಆ ಕಾಲದ ರೂಢಿಯಂತೆ. ಕಂಬಳಿ, ಎರಡು ಅಂಗಿ, ಕ್ಷೌರದ ಕತ್ತಿ, ಹಲ್ಲು ಮುರಿದ ಬಾಚಣಿಗೆ, ಎಲ್ಲವನ್ನೂ ಯಾರೋ ಕೊಂಡಿದ್ದರು. ಕೊನೆಯ ಸಾಲು: ‘ಮಗುವಿನ ಉಣ್ಣೆ ಟೋಪಿ, ನೀಲಿ, ಒಂದು. ಯಾರೂ ಕೂಗಲಿಲ್ಲ. ಶವದ ಜೊತೆ ಕ್ಯಾನ್ವಾಸಿನಲ್ಲಿ ಇಟ್ಟು ಹೊಲಿದು ಸಮುದ್ರಕ್ಕೆ ಬಿಡಲಾಯಿತು.’

ಅವನು ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಗುಮಾಸ್ತರು ಬೂಟು ಹಾಕಿಕೊಂಡು ಹೋಗಿ ನಕಲು ಮಾಡಿಸಿ ತಂದುಕೊಟ್ಟರು.

ವಾಪಸು ಬಸ್ಸಿನಲ್ಲಿ ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೊತ್ತದ್ದನ್ನು ಇಳಿಸುವಾಗಲೂ ಸೊಂಟ ನೋಯುತ್ತದಲ್ಲ, ಹಾಗಿತ್ತು. ಅಮ್ಮನಿಗೆ ಗಂಡನನ್ನು ವಾಪಸು ಕೊಡಬೇಕಾದರೆ ಚಿಕ್ಕಮ್ಮನ ಡಬ್ಬಿಯಿಂದ ಆ ಕಾಗದ ಕಿತ್ತುಕೊಳ್ಳಬೇಕು. ಚಿಕ್ಕಂದಿನಲ್ಲಿ ಅವನಿಗೆ ಸಿಡುಬಾದಾಗ ಹದಿನೆಂಟು ದಿನ ನೆಲಕ್ಕೆ ಬೆನ್ನು ಹಾಕದೆ ಕೂತವಳು ಅವಳು. ಎಂಬತ್ತನೇ ವಯಸ್ಸಿನಲ್ಲಿ ಅವಳಿಗೆ, ನಿನ್ನ ಗಂಡ ಸಾಯಲಿಲ್ಲ, ಬರಲಿಲ್ಲ ಅಷ್ಟೇ ಎಂದು ಹೇಳುವುದೆಂತು? ಹೇಳದೆ ಅಮ್ಮನನ್ನು ಹಾಗೇ ಕಳಿಸುವುದೆಂತು? ಎರಡನೇ ಬಸ್ಸು ಇಳಿಯುವವರೆಗೂ ಬಗೆಹರಿಯಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಚಿಕ್ಕಮ್ಮ ಅಮ್ಮನ ಮಂಚದ ಕಾಲಿಗೆ ಒರಗಿ ಬಟಾಣಿ ಬಿಡಿಸುತ್ತಿದ್ದಳು. ಅವನು ಅಮ್ಮನ ಕಿವಿಗೆ ಬಗ್ಗಿ, ಸಣ್ಣ ದನಿಯಲ್ಲಿ, ಕಂಡದ್ದನ್ನೆಲ್ಲ ಕಂಡ ಹಾಗೇ ಹೇಳಿದ. ಟೋಪಿಯ ಮಾತು ಬಂದಾಗ ಅಮ್ಮ ಅವನ ಮಣಿಕಟ್ಟು ಹಿಡಿದಳು.

“ಒಲೆ ಮುಂದೆ ನಿಂತಿದ್ನಾ?”

“ಹೂಂ. ತಮ್ಮನಿಗೆ ಕೆಮ್ಮು ಅಂತ.”

“ಅವನು ಹಾಗೇ. ತನ್ನ ತಟ್ಟೇನೂ ತಮ್ಮನ ಕಡೆ ತಳ್ಳೋನು.” ಕಣ್ಣಿನ ಓರೆಯಿಂದ ನೀರು ಇಳಿದು ದಿಂಬಿಗೆ ಹೋಯಿತು. ಆಮೇಲೆ ಕೆಳಗೆ ಕೂತಿದ್ದವಳ ಬಿಳಿ ತಲೆಯನ್ನು ನೋಡಿದಳು.

“ಏನಕ್ಕಾ ಅದು ಗುಸುಗುಸು?” ಚಿಕ್ಕಮ್ಮ ತಲೆ ಎತ್ತಿದಳು. “ಏನಂತೆ?”

ಅಮ್ಮ ಮಗನ ಮಣಿಕಟ್ಟನ್ನು ಒಮ್ಮೆ ಒತ್ತಿ ಬಿಟ್ಟಳು. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ, ಚಿಕ್ಕಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

“ಓಡೇ ಹೋಗಿದ್ನಂತೆ ಕಣೇ! ಮಗನ ಟೋಪೀನೂ ಎತ್ಕೊಂಡು ಹೋಗಿದ್ದ. ಕಳೆದದ್ದು ನೀನಲ್ಲ.”

“ಅರವತ್ತು ವರ್ಷದಿಂದ ಅದನ್ನೇ ಬಡ್ಕೊಂಡೆ, ಕೇಳಿದ್ಯಾ ನೀನು?” ಚಿಕ್ಕಮ್ಮ ಬಟಾಣಿ ಪಕ್ಕಕ್ಕೆ ಸರಿಸಿ, ಮಂಚ ಹಿಡಿದು ಕಷ್ಟಪಟ್ಟು ಎದ್ದಳು. ಒದ್ದೆಯಾದ ದಿಂಬನ್ನು ನೋಡಿ ದನಿ ತಗ್ಗಿಸಿದಳು. “ಹೋಗ್ಲಿ ಬಿಡಕ್ಕಾ. ಅಂಥೋನಿಗೆಲ್ಲ ಕಣ್ಣೀರು ಹಾಕಬಾರದು.” ಅಂಗೈಯಿಂದ ಅಮ್ಮನ ಕೆನ್ನೆ ಒರೆಸಿ ದಿಂಬು ಮಗುಚಿ ಹಾಕಿದಳು.

ಅಮ್ಮ ಕಣ್ಣು ಮುಚ್ಚಿಕೊಂಡು ಒರೆಸಿಸಿಕೊಂಡಳು.

ಅವನು ನಕಲಿನ ಹಾಳೆಯನ್ನು ನಾಲ್ಕಾಗಿ ಮಡಿಸಿ ಒಳಜೇಬಿಗೆ ಹಾಕಿಕೊಂಡ. ಹೊರಗೆ ಹಸುಗಳು ಆಗಲೇ ಕೂಗತೊಡಗಿದ್ದವು. ಮಂಡಿಯ ಮೇಲೆ ಕೈಯೂರಿ ಎದ್ದು, ಬಕೆಟ್ಟು ತೆಗೆದುಕೊಂಡು ಕೊಟ್ಟಿಗೆಗೆ ನಡೆದ.